ಏಳು ಕುದುರೆ, ಎಂಟು ತಡಿಕೆ: ಚೆಲ್ಟನ್‌ಹ್ಯಾಮ್‌ನಲ್ಲಿ ಒಂದು ವಾರ

ಸೋಮವಾರ, ಮಾರ್ಚ್ 10, 2025

ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿರುವ ಅಕ್ಕನ ಮಗ ಹತ್ತು ವರ್ಷದಿಂದ "ಒಂದ್ಸಲ ಬನ್ನಿ ಮಾವ" ಎಂದು ಕರೆಯುತ್ತಲೇ ಇದ್ದ. ಬ್ಯಾಂಕಿನ ಕೆಲಸದಿಂದ ನಿವೃತ್ತಿಯಾದ ಮೇಲೆ ನಾನೇ ಫೋನ್ ಮಾಡಿ, "ಬರ್ತೀನಿ ಕಣೋ, ಆದ್ರೆ ಮಾರ್ಚ್ ಎರಡನೇ ವಾರಕ್ಕೆ ಮಾತ್ರ" ಎಂದೆ. "ಆಗ ಇನ್ನೂ ಚಳಿ ಇರತ್ತೆ, ಜೂನ್‌ಗೆ ಬನ್ನಿ" ಎಂದ. ಅವನ ಮನೆಯಿಂದ ರೈಲಿನಲ್ಲಿ ಹತ್ತು ನಿಮಿಷ ಹೋದರೆ ಜಂಪ್ ರೇಸಿನ, ಅಂದರೆ ಕುದುರೆ ಅಡ್ಡಗಟ್ಟು ಹಾರುವ ರೇಸಿನ ಕಾಶಿಯಾದ ಚೆಲ್ಟನ್‌ಹ್ಯಾಮ್ ಇದೆ, ಅಲ್ಲಿನ ವರ್ಷದ ದೊಡ್ಡ ಹಬ್ಬ ಆ ವಾರವೇ ಎಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ.

ನನಗೆ ಈ ಹುಚ್ಚು ಹಿಡಿಸಿದ್ದು ಚಿಕ್ಕಪ್ಪ. ಬೆಂಗಳೂರಿನ ರೇಸ್ ಕೋರ್ಸಿನ ಕಟಕಟೆ ಹಿಡಿದುಕೊಂಡೇ ಅರ್ಧ ಆಯಸ್ಸು ಕಳೆದವನು. "ಕುದುರೆ ಬಾಲಕ್ಕೆ ದುಡ್ಡು ಕಟ್ಟೋನು" ಎಂದು ಅಜ್ಜಿ ಬಯ್ಯುತ್ತಿದ್ದರು. ನಿಜ ಹೇಳಬೇಕೆಂದರೆ ಅವನು ಕಟ್ಟಿದ್ದಕ್ಕಿಂತ ಓದಿದ್ದೇ ಹೆಚ್ಚು. ಯಾರೋ ತಂದುಕೊಟ್ಟ ಇಂಗ್ಲೆಂಡಿನ ಹಳೆಯ ರೇಸ್ ಪತ್ರಿಕೆಗಳು ಅವನ ಟ್ರಂಕಿನಲ್ಲಿದ್ದವು. ಅವುಗಳಲ್ಲಿ ನಾನು ಮೂರು ಹೆಸರು ಕಲಿತೆ: ನೈಟ್ ನರ್ಸ್, ಮಂಕ್ಸ್‌ಫೀಲ್ಡ್, ಸೀ ಪಿಜನ್. ಮೂರೂ ಹಾರುವ ಕುದುರೆಗಳು. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ನಾವು ನೋಡುವುದೆಲ್ಲ ಫ್ಲಾಟ್ ರೇಸು, ಅಂದರೆ ಬಯಲಲ್ಲಿ ಬಿಟ್ಟ ಓಟ. ಅಡ್ಡಗಟ್ಟು ಹಾರಿಸುವ ರೇಸು ಇಲ್ಲ. ಅದಕ್ಕೇ ಇರಬೇಕು, ಆ ಹೆಸರುಗಳು ನನಗೆ ಪುರಾಣದ ಕುದುರೆಗಳ ಹಾಗೆ ಕಾಣುತ್ತಿದ್ದವು.

ರಾತ್ರಿ ಊಟಕ್ಕೆ ಕೂತಾಗ ಅಳಿಯ ಕೇಳಿದ, "ಹರ್ಡಲ್ ಅಂದ್ರೆ ಏನು, ಫೆನ್ಸ್ ಅಂದ್ರೆ ಏನು ಮಾವ? ಎರಡೂ ಬೇಲಿ ತಾನೆ?"

ಅಲ್ಲ. ಫೆನ್ಸ್ ಎಂದರೆ ಒತ್ತಾಗಿ ಕಡ್ಡಿ ತುಂಬಿ ಕಟ್ಟಿದ ದಪ್ಪ ಗೋಡೆ. ಅದಕ್ಕೆ ಕುದುರೆ ಮರ್ಯಾದೆ ಕೊಡಲೇಬೇಕು. ಹರ್ಡಲ್ ಎಂದರೆ ನಮ್ಮ ಕುರುಬರು ಹೊಲದಲ್ಲಿ ಕುರಿ ತರುಬಲು ನಿಲ್ಲಿಸುತ್ತಾರಲ್ಲ, ಆ ತಡಿಕೆ. ಇಂಗ್ಲಿಷಿನಲ್ಲೂ ಆ ಪದದ ಮೂಲ ಅರ್ಥ ಅದೇ. ಮರದ ಚೌಕಟ್ಟು, ನಡುವೆ ಸೊಪ್ಪು ಕಡ್ಡಿ, ಎತ್ತರ ಮೂರೂವರೆ ಅಡಿ. ಕುದುರೆಯ ಕಾಲು ತಗುಲಿದರೆ ಮುಂದಕ್ಕೆ ವಾಲಿ ಕೊಡುತ್ತದೆ. ಹಾಗಾಗಿ ಹರ್ಡಲ್ ರೇಸಿನಲ್ಲಿ ಹಾರುವುದಕ್ಕಿಂತ ಓಡುವುದು ಮುಖ್ಯ. ಹಾರಿದ್ದೇ ಗೊತ್ತಾಗದಂತೆ ತಡಿಕೆಯ ಮೇಲೆ ತೇಲಿಕೊಂಡು, ಇಳಿದ ಕಡೆಯಿಂದಲೇ ನಾಗಾಲೋಟಕ್ಕೆ ಬಿದ್ದವನು ಗೆಲ್ಲುತ್ತಾನೆ. ಆ ವಿದ್ಯೆಯ ಪಟ್ಟವೇ ಚಾಂಪಿಯನ್ ಹರ್ಡಲ್. 1927ರಲ್ಲಿ ಶುರುವಾದದ್ದು. ಎರಡು ಮೈಲಿ ಚಿಲ್ಲರೆ ದೂರ, ಎಂಟು ತಡಿಕೆ.

"ಆ ರೇಸು ಮೊದಲಿನ ಹಾಗಿಲ್ಲ ಅಂತಾರೆ. ನಿಜವಾ ಅಂತ ನೋಡೋಕೇ ಬಂದಿದೀನಿ" ಎಂದೆ. ಅಳಿಯನ ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, "ಎಲ್ಲಾದಕ್ಕೂ ಹಾಗೇ ಅಂತಾರೆ ಮಾವ" ಎಂದಳು.

ಮಂಗಳವಾರ, ಮಾರ್ಚ್ 11

ಚೆಲ್ಟನ್‌ಹ್ಯಾಮ್ ಸ್ಪಾ ನಿಲ್ದಾಣದಲ್ಲಿ ಇಳಿದವರಲ್ಲಿ ಮುಕ್ಕಾಲು ಪಾಲು ಟ್ವೀಡ್ ಕೋಟು, ಟ್ವೀಡ್ ಟೋಪಿ. ನಾನು ಮಫ್ಲರ್ ಸುತ್ತಿಕೊಂಡು ಮಂಕಿಕ್ಯಾಪ್ ಹಾಕಿದ್ದೆ. ನನ್ನನ್ನು ನೋಡಿ ಯಾರೂ ನಗಲಿಲ್ಲ, ಅಥವಾ ನಾನು ಗಮನಿಸಲಿಲ್ಲ. ಅಲ್ಲಿಂದ ಬಸ್ಸು. ಇಳಿದು ತಲೆ ಎತ್ತಿದರೆ ಎದುರಿಗೆ ಕ್ಲೀವ್ ಹಿಲ್, ಬೆಟ್ಟದ ಬುಡದಲ್ಲಿ ಹಸಿರು ಬಟ್ಟಲಿನಂಥ ಮೈದಾನ. ಟಿವಿಯಲ್ಲಿ ಎಷ್ಟು ಸಲ ನೋಡಿದ್ದರೂ ಒಂದು ಸಂಗತಿ ಗೊತ್ತಾಗಿರಲಿಲ್ಲ: ಕೊನೆಯ ಏರು. ಕೊನೆಯ ತಡಿಕೆ ಹಾರಿದ ಮೇಲೆ ಗೆಲುವಿನ ಕಂಬದವರೆಗೆ ಇರುವುದು ನೆಟ್ಟಗಿನ ಏರುದಾರಿ. ಬೆಂಗಳೂರಿನ ರೇಸ್ ನೋಡಿ ಬೆಳೆದ ಕಣ್ಣಿಗೆ ಅದು ಅನ್ಯಾಯ ಅನಿಸುತ್ತದೆ.

ಮೊದಲ ರೇಸು ಮಧ್ಯಾಹ್ನ 1.20ಕ್ಕೆ, ಸುಪ್ರೀಂ ನಾವಿಸಸ್ ಹರ್ಡಲ್, ಹೊಸ ಕುದುರೆಗಳದು. ಸ್ಟಾರ್ಟರ್ ಹಗ್ಗ ಬಿಟ್ಟ ಕ್ಷಣಕ್ಕೆ ಐವತ್ತು ಸಾವಿರ ಜನ ಒಟ್ಟಿಗೆ ಕೂಗುತ್ತಾರೆ. ಅದಕ್ಕೆ ಇಲ್ಲಿ ಹೆಸರೇ ಇದೆ, ಚೆಲ್ಟನ್‌ಹ್ಯಾಮ್ ರೋರ್. ಎದೆಗೂಡಿನೊಳಗೆ ಜಾತ್ರೆಯ ತೇರು ಎಳೆದ ಹಾಗೆ. ಈ ವರ್ಷ ಆ ರೇಸಿಗೆ ಮೈಕಲ್ ಓ'ಸಲಿವನ್ ಎಂಬ ಜಾಕಿಯ ಹೆಸರಿಟ್ಟಿದ್ದರು. ಫೆಬ್ರವರಿಯಲ್ಲಿ ಐರ್ಲೆಂಡಿನ ಥರ್ಲ್ಸ್‌ನಲ್ಲಿ ಬಿದ್ದು, ಹತ್ತು ದಿನಕ್ಕೆ ತೀರಿಕೊಂಡ ಹುಡುಗ. ವಯಸ್ಸು 24. ಗೆದ್ದವನು ಕೋಪೆಕ್ ಡೆ ಬೋರ್ಡ್ಸ್. ಟ್ರೇನರ್ ಐರ್ಲೆಂಡಿನ ವಿಲ್ಲಿ ಮಲ್ಲಿನ್ಸ್, ಜಾಕಿ ಪಾಲ್ ಟೌನೆಂಡ್. ಈ ವಾರ ಈ ಎರಡು ಹೆಸರು ಮತ್ತೆ ಮತ್ತೆ ಬರುತ್ತವೆ, ಓದುಗರು ಬೇಸರಿಸಬಾರದು.

ಪರೇಡ್ ರಿಂಗಿನ ಹತ್ತಿರ ಡಾನ್ ರನ್ ಎಂಬ ಹೆಣ್ಣುಕುದುರೆಯ ಕಂಚಿನ ಪ್ರತಿಮೆ ಇದೆ. 1984ರಲ್ಲಿ ಚಾಂಪಿಯನ್ ಹರ್ಡಲ್, 1986ರಲ್ಲಿ ಫೆನ್ಸ್ ಮೇಲಿನ ದೊಡ್ಡ ಪಟ್ಟವಾದ ಗೋಲ್ಡ್ ಕಪ್, ಎರಡನ್ನೂ ಗೆದ್ದ ಕುದುರೆ ಇಂದಿಗೂ ಅವಳೊಬ್ಬಳೇ. ಪ್ರತಿಮೆಯ ಪಕ್ಕ ನಿಂತಿದ್ದ ಐರಿಷ್ ಅಜ್ಜ ಒಬ್ಬರ ಪರಿಚಯವಾಯಿತು. ಎಂಬತ್ತರ ಹತ್ತಿರದ ರೈತ. ನಾನು ಬೆಂಗಳೂರಿನಿಂದ ಬಂದವನು, ಮಂಕ್ಸ್‌ಫೀಲ್ಡ್ ಗೊತ್ತು ಎಂದದ್ದೇ ತಡ, ನನ್ನ ತೋಳು ಹಿಡಿದುಕೊಂಡುಬಿಟ್ಟರು. 1979ರ ಚಾಂಪಿಯನ್ ಹರ್ಡಲ್ ನೋಡಲು ಅವರು ಹಡಗು ಹತ್ತಿ ಬಂದಿದ್ದರಂತೆ. ಕೊನೆಯ ತಡಿಕೆಯಲ್ಲಿ ಸೀ ಪಿಜನ್ ಮುಂದಿತ್ತು, ನೋಡಲು ರಾಜಕುಮಾರ. ಮಂಕ್ಸ್‌ಫೀಲ್ಡ್ ಕುಳ್ಳ, ತಲೆ ತಗ್ಗಿಸಿ ಓಡುವ ಹಠಮಾರಿ. ಏರಿನಲ್ಲಿ ಹೆಜ್ಜೆ ಹೆಜ್ಜೆಗೂ ಹಿಡಿದುಕೊಂಡು ಬಂದು ಮುಕ್ಕಾಲು ಲೆಂಗ್ತಿನಲ್ಲಿ, ಅಂದರೆ ಕುದುರೆಯ ಮುಕ್ಕಾಲು ಮೈಯುದ್ದದ ಅಂತರದಲ್ಲಿ ಗೆದ್ದಿತು. ಹೇಳುವಾಗ ಅಜ್ಜನ ತಲೆಯೂ ತಗ್ಗಿತ್ತು.

ಆ ಕಾಲದ ದೊಡ್ಡಸ್ತಿಕೆ ಎಲ್ಲಿತ್ತು ಎಂಬುದು ಫಲಿತಾಂಶದ ಪಟ್ಟಿ ನೋಡಿದರೆ ಸಾಕು, ತಿಳಿಯುತ್ತದೆ. 1977: ನೈಟ್ ನರ್ಸ್ ಮೊದಲು, ಮಂಕ್ಸ್‌ಫೀಲ್ಡ್ ಎರಡನೆಯದು. 1978: ಮಂಕ್ಸ್‌ಫೀಲ್ಡ್, ಸೀ ಪಿಜನ್, ಮೂರನೆಯದು ನೈಟ್ ನರ್ಸ್. 1979: ಮಂಕ್ಸ್‌ಫೀಲ್ಡ್, ಸೀ ಪಿಜನ್. 1980: ಸೀ ಪಿಜನ್, ಮಂಕ್ಸ್‌ಫೀಲ್ಡ್. ನಡುವೆ 1977ರಲ್ಲಿ ಲಿವರ್‌ಪೂಲ್ ಬಳಿಯ ಏಂಟ್ರಿ ರೇಸ್ ಮೈದಾನದಲ್ಲಿ ನೈಟ್ ನರ್ಸ್ ಮತ್ತು ಮಂಕ್ಸ್‌ಫೀಲ್ಡ್ ಕಂಬ ದಾಟಿದಾಗ ಯಾರು ಮುಂದೆ ಎಂದು ಹೇಳಲಾಗದೆ ಇಬ್ಬರಿಗೂ ಗೆಲುವು ಹಂಚಿದ್ದರು. ಅದಕ್ಕೂ ಹಿಂದೆ ಬುಲಾ, ಕಾಮಿಡಿ ಆಫ್ ಎರರ್ಸ್, ಲಾನ್ಜರೋಟ್. ಹತ್ತು ವರ್ಷ, ಆರು ಹೆಸರು. ಕಿರೀಟ ಅವರ ನಡುವೆಯೇ ಕೈ ಬದಲಾಯಿಸುತ್ತ ಹೋಯಿತು. ಒಬ್ಬರನ್ನು ಕಂಡು ಒಬ್ಬರು ಓಡಿಹೋಗಲಿಲ್ಲ.

ಇವತ್ತಿನ ಪಟ್ಟಿಯಲ್ಲಿ ಏಳೇ ಕುದುರೆ. ಮುಖ್ಯವಾದವು ಮೂರು. ನಿಕಿ ಹೆಂಡರ್ಸನ್ ಲಾಯದ ಕಾನ್ಸ್ಟಿಟ್ಯೂಷನ್ ಹಿಲ್: 2022ರ ಸುಪ್ರೀಂ ಅನ್ನು 22 ಲೆಂಗ್ತ್‌ನಲ್ಲಿ, 2023ರ ಚಾಂಪಿಯನ್ ಹರ್ಡಲ್ ಅನ್ನು 9 ಲೆಂಗ್ತ್‌ನಲ್ಲಿ ಗೆದ್ದು, ಕಾಯಿಲೆಯಿಂದ 2024 ತಪ್ಪಿಸಿಕೊಂಡವನು. ಅವನಿಲ್ಲದ ವರ್ಷ ಗೆದ್ದ ಸ್ಟೇಟ್ ಮ್ಯಾನ್, ಮಲ್ಲಿನ್ಸ್ ಲಾಯದ್ದು. ಡಿಸೆಂಬರಿನಲ್ಲಿ ಅದೇ ಸ್ಟೇಟ್ ಮ್ಯಾನ್ ಇದ್ದ ರೇಸನ್ನು 30 ಲೆಂಗ್ತ್‌ನಲ್ಲಿ ಗೆದ್ದ ಹೆಣ್ಣುಕುದುರೆ ಬ್ರೈಟರ್‌ಡೇಸ್‌ಅಹೆಡ್.

ನಾಲ್ಕನೆಯ ಹೆಸರೊಂದು ಇರಬೇಕಿತ್ತು. ಲಾಸಿಮೌತ್. ಮಲ್ಲಿನ್ಸ್ ಲಾಯದ್ದೇ ಹೆಣ್ಣುಕುದುರೆ. ಫೆಬ್ರವರಿಯಲ್ಲಿ ಲೆಪರ್ಡ್ಸ್‌ಟೌನ್‌ನಲ್ಲಿ ಬಿದ್ದಿದ್ದಳು. ಅದಾದ ಮೇಲೆ ಅವಳನ್ನು ಚಾಂಪಿಯನ್ ಹರ್ಡಲ್ ಬಿಟ್ಟು ಇದೇ ದಿನದ ಮೇರ್ಸ್ ಹರ್ಡಲ್‌ಗೆ, ಹೆಣ್ಣುಕುದುರೆಗಳಿಗೆಂದೇ ಇರುವ ರೇಸಿಗೆ ಹಾಕಿದರು. ಆ ರೇಸು 3.20ಕ್ಕೆ. ಚಾಂಪಿಯನ್ ಹರ್ಡಲ್ 4 ಗಂಟೆಗೆ. ನಲವತ್ತು ನಿಮಿಷದ ಅಂತರದಲ್ಲಿ, ಅದೇ ಹುಲ್ಲಿನ ಮೇಲೆ. ಲಾಸಿಮೌತ್ ಬೆವರೂ ಬರದಂತೆ ಗೆದ್ದಳು. ಅಜ್ಜ ಚಪ್ಪಾಳೆ ತಟ್ಟಲಿಲ್ಲ. "ಒಳ್ಳೆ ಕುದುರೆ. ತಪ್ಪು ರೇಸು ಗೆದ್ದಳು" ಎಂದರು.

ಮೇರ್ಸ್ ಹರ್ಡಲ್ 2008ರಲ್ಲಿ ಶುರುವಾಯಿತು. ಮೂರು ದಿನದ ಹಬ್ಬ 2005ರಲ್ಲಿ ನಾಲ್ಕು ದಿನವಾಗಿತ್ತು. ಈಗ ದಿನಕ್ಕೆ ಏಳರಂತೆ 28 ರೇಸು. ಉದ್ದೇಶ ಕೆಟ್ಟದ್ದಲ್ಲ. ಹೆಣ್ಣುಕುದುರೆಗಳನ್ನು ಬೇಗ ಸಂತಾನಕ್ಕೆ ಕಳಿಸಿಬಿಡುತ್ತಿದ್ದರು, ಅವುಗಳಿಗೂ ಓಡಲು ಕಾರಣ ಸಿಗಲಿ ಎಂದು. ಅದರಿಂದ ಲಾಭವೂ ಆಗಿದೆ. ಹನಿಸಕಲ್ 2020ರಲ್ಲಿ ಮೇರ್ಸ್ ಹರ್ಡಲ್ ಗೆದ್ದು, 2021 ಮತ್ತು 2022ರಲ್ಲಿ ಚಾಂಪಿಯನ್ ಹರ್ಡಲ್ ಗೆದ್ದಳು. ಆದರೆ ಮನೆಗೆ ಹಿತ್ತಿಲ ಬಾಗಿಲು ಇಟ್ಟ ಮೇಲೆ ಜನ ಅದನ್ನು ಬಳಸಿಯೇ ಬಳಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಲಾಯಗಳ ಲೆಕ್ಕ. ದಸರೆಯ ಕುಸ್ತಿಯಲ್ಲಿ ಒಂದೇ ಗರಡಿಯ ಇಬ್ಬರು ಜಟ್ಟಿಗಳ ಜೋಡಿ ಕಟ್ಟುತ್ತಾರೆಯೇ? ಉಸ್ತಾದ ಒಬ್ಬನೇ ಆದಾಗ ಒಬ್ಬನನ್ನು ಈ ಕಣಕ್ಕೆ, ಇನ್ನೊಬ್ಬನನ್ನು ಆ ಕಣಕ್ಕೆ ಬಿಡುತ್ತಾನೆ. ನೂರು ಲಾಯಗಳಲ್ಲಿ ಹಂಚಿಹೋಗಿದ್ದ ಒಳ್ಳೆಯ ಕುದುರೆಗಳು ಮೂರು ನಾಲ್ಕು ಲಾಯಗಳಿಗೆ ಬಂದು ಸೇರಿದಾಗ, ಅವು ಪರಸ್ಪರ ಎದುರಾಗುವುದೇ ನಿಲ್ಲುತ್ತದೆ. ಮಲ್ಲಿನ್ಸ್ ಈ ಹಬ್ಬದಲ್ಲಿ ನೂರನೆಯ ಗೆಲುವು ಕಂಡದ್ದು ಕಳೆದ ವರ್ಷ, 2024ರಲ್ಲಿ. ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ನಾಲ್ಕು ಗಂಟೆ. ಕಾನ್ಸ್ಟಿಟ್ಯೂಷನ್ ಹಿಲ್ ಎಂಥ ಫೇವರಿಟ್ ಎಂದರೆ ಎರಡು ಪೌಂಡ್ ಕಟ್ಟಿದರೆ ಲಾಭ ಒಂದೇ ಪೌಂಡು. ಬ್ಯಾಂಕಿನವನಿಗೆ ಅಂಥ ಬಡ್ಡಿ ಸಾಲದು. ನಾನು ಹತ್ತು ಪೌಂಡ್ ಸ್ಟೇಟ್ ಮ್ಯಾನ್ ಮೇಲೆ ಕಟ್ಟಿದೆ.

ಐದನೆಯ ತಡಿಕೆ ನಮ್ಮಿಂದ ದೂರ. ದೊಡ್ಡ ಪರದೆಯ ಮೇಲೆ ನೋಡುತ್ತಿದ್ದೆವು. ಕಾನ್ಸ್ಟಿಟ್ಯೂಷನ್ ಹಿಲ್ ಸ್ವಲ್ಪ ದೂರದಿಂದಲೇ ಎದ್ದ, ಕಾಲು ತಗುಲಿತು, ಮೂಗು ನೆಲಕ್ಕೆ. ಮಧ್ಯಾಹ್ನ ಕೂಗಿದ ಅದೇ ಐವತ್ತು ಸಾವಿರ ಗಂಟಲುಗಳಿಂದ ಈ ಸಲ ನರಳಿಕೆ ಬಂತು. ಕುದುರೆ ಎದ್ದು ಓಡಿತು, ಜಾಕಿ ನಿಕೊ ಡಿ ಬ್ವಾಂವಿಲ್ ಎದ್ದು ನಿಂತ. ಜನ ಉಸಿರು ಬಿಟ್ಟರು. ರೇಸು ನಡೆಯುತ್ತಲೇ ಇತ್ತು. ತಿರುವು ಮುಗಿಸಿ ಬಂದಾಗ ಸ್ಟೇಟ್ ಮ್ಯಾನ್ ಮುಂದೆ, ಮೇಲೆ ಟೌನೆಂಡ್, ಹಿಂದೆ ಬಯಲು. ನಾನು ಗೆದ್ದ ದುಡ್ಡಿನ ಲೆಕ್ಕ ಹಾಕಿ ಮುಗಿಸಿದ್ದೆ. ಅಳಿಯನ ಹೆಂಡತಿಗೆ ಒಂದು ಸ್ವೆಟರ್ ಎಂದೂ ನಿರ್ಧರಿಸಿದ್ದೆ. ಕೊನೆಯ ತಡಿಕೆ. ಅವನು ಹಾರಿದ, ಇಳಿಯುವಾಗ ಮುಂಗಾಲು ಮಡಿಸಿಕೊಂಡಿತು.

ಈ ಸಲ ಸದ್ದೇ ಇಲ್ಲ. ಮೈದಾನ ಅಷ್ಟು ಮೌನವಾಗಿದ್ದದ್ದು ವಾರದಲ್ಲಿ ಅದೊಂದೇ ಸಲ. ಆ ಮೌನದೊಳಗಿಂದ ಹಳದಿ ಟೋಪಿಯೋ ಕೆಂಪು ಟೋಪಿಯೋ ನೆನಪಿಲ್ಲ, ಒಂದು ಕುದುರೆ ಏರು ಹತ್ತಿಕೊಂಡು ಬಂದು ಕಂಬ ದಾಟಿತು. ಗೋಲ್ಡನ್ ಏಸ್. ಒಂದಕ್ಕೆ 25ರ ದರ. ಸಾಮರ್‌ಸೆಟ್‌ನ ಜೆರೆಮಿ ಸ್ಕಾಟ್ ಎಂಬ ಟ್ರೇನರ್‌ನ ಹೆಣ್ಣುಕುದುರೆ, ಜಾಕಿ ಲಾರ್ಕನ್ ವಿಲಿಯಮ್ಸ್. ಎರಡನೆಯದು ಬರ್ಡೆಟ್ ರೋಡ್, ಮೂರನೆಯದು ವಿಂಟರ್ ಫಾಗ್. ಬ್ರೈಟರ್‌ಡೇಸ್‌ಅಹೆಡ್ ದಣಿದು ನಾಲ್ಕನೆಯದಾಗಿ ಬಂದಿತು.

ಅಜ್ಜ ಹೇಳಿದರು, 2015ರಲ್ಲಿ ಇದೇ ಕೊನೆಯ ತಡಿಕೆಯಲ್ಲಿ ಆನಿ ಪವರ್ ಗೆಲ್ಲುವ ರೇಸಿನಲ್ಲಿ ಬಿದ್ದಾಗಲೂ ಹೀಗೇ ಆಗಿತ್ತು. ಅದು ಮೇರ್ಸ್ ಹರ್ಡಲ್. ಮರುವರ್ಷ ಬಂದು ಚಾಂಪಿಯನ್ ಹರ್ಡಲ್ಲನ್ನೇ ಗೆದ್ದಳು. ನನಗೆ ಸಮಾಧಾನ ಹೇಳಲು ಅಂದದ್ದೋ, ಸ್ಟೇಟ್ ಮ್ಯಾನ್‌ಗೋ ಗೊತ್ತಾಗಲಿಲ್ಲ.

ಮನೆಗೆ ಬರುವಾಗ ರೈಲಿನಲ್ಲಿ ಅಳಿಯ ಕೇಳಿದ, "ಹಾಗಾದ್ರೆ ಈ ವರ್ಷದ ಚಾಂಪಿಯನ್ ಕಳಪೆ ಕುದುರೆ ಅಂತೀರಾ?" ಬೀಳದೆ ಇರುವುದೂ ಕುದುರೆಯ ಗುಣವೇ. ಎಂಟು ತಡಿಕೆಯನ್ನೂ ಹಾರಿದವಳು ಅವಳು. ಮರುದಿನ ಪತ್ರಿಕೆಯಲ್ಲಿ ಓದಿದೆ: ಅವಳ ಟ್ರೇನರ್‌ಗೂ ಹೆಣ್ಣುಕುದುರೆಗಳ ರೇಸೇ ಸರಿ ಅನಿಸಿತ್ತಂತೆ, ಮಾಲೀಕರೇ ಹಠ ಹಿಡಿದು ದೊಡ್ಡ ರೇಸಿಗೆ ಹಾಕಿಸಿದರಂತೆ. ಲಾಸಿಮೌತ್‌ನ ಕಡೆಯವರು ಬೇಡ ಎಂದ ಬಾಗಿಲಲ್ಲಿ ಇವರು ಧೈರ್ಯವಾಗಿ ಒಳಗೆ ಹೋದರು. ಕಿರೀಟ ನೆಲದ ಮೇಲೆ ಬಿದ್ದಿತ್ತು.

ಬುಧವಾರ, ಮಾರ್ಚ್ 12

ಇವತ್ತು ಅಗ್ಗದ ಟಿಕೆಟ್: ಓಟದ ಹಾದಿಯನ್ನು ಅಡ್ಡ ದಾಟಿ ಮೈದಾನದ ನಡುವಿನ ಆವರಣಕ್ಕೆ ಹೋಗಬೇಕು. ದಾಟುವಾಗ ತಡಿಕೆಯನ್ನು ಹತ್ತಿರದಿಂದ ನೋಡಿದೆ. ಮೇಲಿನ ಪಟ್ಟಿಗೆ ಮೆತ್ತೆ ಸುತ್ತಿದ್ದಾರೆ. ಬಣ್ಣ ಅಚ್ಚ ಬಿಳಿ. ಕೆಲವು ವರ್ಷದ ಹಿಂದಿನವರೆಗೆ ಕಿತ್ತಳೆ ಬಣ್ಣ ಬಳಿಯುತ್ತಿದ್ದರು. ನಮಗೆ ಎದ್ದು ಕಾಣುವ ಬಣ್ಣ. ಕುದುರೆಯ ಕಣ್ಣಿಗೆ ಕಿತ್ತಳೆಯೂ ಹುಲ್ಲಿನ ಹಸಿರೂ ಹೆಚ್ಚು ಕಡಿಮೆ ಒಂದೇ ಎಂದು ಎಕ್ಸೆಟರ್ ವಿಶ್ವವಿದ್ಯಾಲಯದವರು ತೋರಿಸಿಕೊಟ್ಟ ಮೇಲೆ ಬದಲಾಯಿಸಿದರು. ಇಷ್ಟು ವರ್ಷ ಹಾರುವವನನ್ನು ಬಿಟ್ಟು ನೋಡುವವನ ಕಣ್ಣಿಗೆ ಬಣ್ಣ ಬಳಿದಿದ್ದಾರೆ ಎಂದು ಅಳಿಯ ನಕ್ಕ.

ಜನ ತೀರ ಕಡಿಮೆ. ನಿನ್ನೆಯ ನೂಕುನುಗ್ಗಲಿನ ಮುಂದೆ ಇವತ್ತು ಆರಾಮಾಗಿ ಕಾಲು ಚಾಚಬಹುದಿತ್ತು. 2022ರಲ್ಲಿ ನಾಲ್ಕು ದಿನ ಸೇರಿ 2.8 ಲಕ್ಷ ಜನ ಬಂದಿದ್ದರು. ಈ ವರ್ಷ ಅದು 2.2 ಲಕ್ಷವನ್ನೂ ಮುಟ್ಟಲಿಲ್ಲ. ಒಂದು ಲೋಟ ಗಿನ್ನೆಸ್‌ಗೆ ಏಳೂವರೆ ಪೌಂಡಿಗೂ ಮೇಲೆ ಕೊಟ್ಟವರ ಮುಖ ನೋಡಿದರೆ ಒಂದು ಕಾರಣ ತಿಳಿಯುತ್ತಿತ್ತು.

ದೊಡ್ಡ ರೇಸು ಚಾಂಪಿಯನ್ ಚೇಸ್, ಫೆನ್ಸ್ ಮೇಲಿನದು. ಗೆದ್ದದ್ದು ಮರೀನ್ ನ್ಯಾಷನೇಲ್. 2023ರಲ್ಲಿ ಇದೇ ಕುದುರೆಯ ಮೇಲೆ ಸುಪ್ರೀಂ ಗೆದ್ದವನು ಮೈಕಲ್ ಓ'ಸಲಿವನ್. ಇವತ್ತು ಜೀನಿನ ಮೇಲಿದ್ದ ಶಾನ್ ಫ್ಲಾನಗನ್ ಕಂಬ ದಾಟಿದ ಮೇಲೆ ಬೆರಳೆತ್ತಿ ಆಕಾಶ ತೋರಿಸಿದ. ಪಕ್ಕದಲ್ಲಿದ್ದ ದಢೂತಿ ಆಳುಗಳು ಮೂಗು ಒರೆಸಿಕೊಳ್ಳುತ್ತಿದ್ದರು, ಚಳಿ ಎಂದುಕೊಳ್ಳೋಣ.

ಆದರೆ ಆ ಕುದುರೆಯ ದಾರಿ ನನ್ನ ಪ್ರಶ್ನೆಗೂ ಸೇರಿದೆ. ಸುಪ್ರೀಂ ಎಂದರೆ ಹೊಸ ಹರ್ಡಲರ್‌ಗಳ ಪರೀಕ್ಷೆ. ಅದರಲ್ಲಿ ಮೊದಲು ಬಂದವನು ಮರುವರ್ಷ ಚಾಂಪಿಯನ್ ಹರ್ಡಲ್‌ಗೆ ಬರಬೇಕು, ಲೋಕಾರೂಢಿ ಅದು. 2014ರ ವೋತೂರ್, 2015ರ ಡೂವನ್, 2016ರ ಆಲ್ಟಿಯೋರ್, 2020ರ ಶಿಶ್ಕಿನ್, 2023ರ ಮರೀನ್ ನ್ಯಾಷನೇಲ್: ಎಲ್ಲ ಸುಪ್ರೀಂ ಗೆದ್ದವರೇ, ಎಲ್ಲರನ್ನೂ ಹರ್ಡಲ್ ಬಿಡಿಸಿ ಫೆನ್ಸ್‌ಗೆ ಹತ್ತಿಸಿದರು. ಫೆನ್ಸ್ ಗೆದ್ದರೆ ಹೆಸರು ದೊಡ್ಡದು. ಆಲ್ಟಿಯೋರ್ ಎರಡು ಚಾಂಪಿಯನ್ ಚೇಸ್ ಗೆದ್ದ. ಸುಪ್ರೀಂ ಗೆದ್ದು ಹರ್ಡಲ್ಲಿಗೇ ನಿಂತ ದೊಡ್ಡ ಹೆಸರು ಕಾನ್ಸ್ಟಿಟ್ಯೂಷನ್ ಹಿಲ್. ಪಿಯುಸಿಯಲ್ಲಿ ರ‍್ಯಾಂಕ್ ಬಂದ ಮಕ್ಕಳೆಲ್ಲ ಎಂಜಿನಿಯರಿಂಗ್‌ಗೆ ಹೋದ ಮೇಲೆ ಬಿಎಸ್ಸಿಯ ಮೇಷ್ಟ್ರು ತರಗತಿ ನೋಡಿ ನಿಟ್ಟುಸಿರು ಬಿಟ್ಟ ಹಾಗೆ ಈ ರೇಸಿನ ಪಾಡು.

ಹಬ್ಬ ನಡೆಸುವವರಿಗೂ ರೋಗ ಗೊತ್ತಾಗಿದೆ. ಈ ವರ್ಷ ಎರಡೂವರೆ ಮೈಲಿಯ ಹೊಸಬರ ಗ್ರೇಡ್ 1 (ಮೊದಲ ದರ್ಜೆಯ) ಚೇಸ್ ಒಂದನ್ನು ತೆಗೆದು ಹ್ಯಾಂಡಿಕ್ಯಾಪ್ (ಒಳ್ಳೆಯ ಕುದುರೆಗೆ ಹೆಚ್ಚು ಭಾರ ಹೊರಿಸುವ ರೇಸು) ಮಾಡಿದ್ದಾರೆ, ಒಳ್ಳೆಯವು ತಪ್ಪಿಸಿಕೊಳ್ಳದೆ ಎದುರಾಗಲಿ ಎಂದು. ಫೆನ್ಸ್ ಕಡೆಯ ಒಂದು ಹಿತ್ತಿಲ ಬಾಗಿಲು ಮುಚ್ಚಿತು. ಹರ್ಡಲ್ ಕಡೆಯದು ತೆರೆದೇ ಇದೆ.

ಮಧ್ಯಾಹ್ನದ ನಾವಿಸಸ್ ಹರ್ಡಲ್ಲನ್ನು ಡ್ಯಾನ್ ಸ್ಕೆಲ್ಟನ್ ಲಾಯದ ದ ನ್ಯೂ ಲಯನ್ ಗೆದ್ದ. ಅಲ್ಲಿಯವರೆಗೆ ಸೋತಿರಲಿಲ್ಲ. ಇವನು ಹರ್ಡಲ್ಲಿಗೇ ನಿಂತರೆ, ಎಂದು ನಾನು ಕಾರ್ಡಿನ ಅಂಚಿನಲ್ಲಿ ಗುರುತು ಹಾಕಿಕೊಂಡೆ.

ಗುರುವಾರ, ಮಾರ್ಚ್ 13

ಮೊದಲ ಎರಡು ದಿನ ಹಳೆಯ ಓಟದ ಹಾದಿ, ಇವತ್ತು ಮತ್ತು ನಾಳೆ ಹೊಸದು. ಏರು ಮಾತ್ರ ಅದೇ.

ಇವತ್ತಿನ ಪಟ್ಟ ಸ್ಟೇಯರ್ಸ್ ಹರ್ಡಲ್, ಮೂರು ಮೈಲಿಯದು. ಗೆದ್ದವನು ಬಾಬ್ ಒಲಿಂಜರ್, ಹತ್ತು ವರ್ಷದವನು, ಜಾಕಿ ರೇಚಲ್ ಬ್ಲ್ಯಾಕ್‌ಮೋರ್. ಹನಿಸಕಲ್ ಮೇಲೆ ಚಾಂಪಿಯನ್ ಹರ್ಡಲ್ ಗೆದ್ದ ಮೊದಲ ಮಹಿಳಾ ಜಾಕಿ ಅವಳೇ. ಅವಳು ಬಂದಾಗ ಹೆಂಗಸರು ಮಕ್ಕಳೆಲ್ಲ ಕಟಕಟೆಗೆ ಒತ್ತಿಕೊಂಡು ನಿಂತಿದ್ದರು.

ಬಾಬ್ ಒಲಿಂಜರ್ ಇಲ್ಲಿ 2021ರಲ್ಲಿ ನಾವಿಸಸ್ ಹರ್ಡಲ್ ಗೆದ್ದಿದ್ದ. ರೂಢಿಯಂತೆ ಫೆನ್ಸ್‌ಗೆ ಹತ್ತಿಸಿದರು. 2022ರಲ್ಲಿ ಅಲ್ಲೂ ಗೆದ್ದ, ಆದರೆ ಹೇಗೆ? ಮುಂದಿದ್ದ ಗಾಲೊಪಿನ್ ಡೆ ಶಾಂ ಕೊನೆಯ ಫೆನ್ಸ್‌ನಲ್ಲಿ ಬಿದ್ದದ್ದರಿಂದ. ಆಮೇಲೆ ಹರ್ಡಲ್ಲಿಗೆ ವಾಪಸು ತಂದರು, ದೂರ ಹೆಚ್ಚಿಸಿದರು, ಈಗ ಪಟ್ಟ. ಈ ರೇಸಿನ ದೊಡ್ಡ ಹೆಸರು ಬಿಗ್ ಬಕ್ಸ್ ಕೂಡ ಹೀಗೇ. ಫೆನ್ಸ್‌ನಲ್ಲಿ ಜಾಕಿಯನ್ನು ಕೆಡವಿ, ಹರ್ಡಲ್ಲಿಗೆ ಮರಳಿ, 2009ರಿಂದ 2012ರವರೆಗೆ ನಾಲ್ಕು ಸಲ ಸತತವಾಗಿ ಸ್ಟೇಯರ್ಸ್ ಗೆದ್ದ. ಒಟ್ಟು 18 ರೇಸು ಸೋಲದೆ ಓಡಿದ. ಅಂದರೆ ಮೂರು ಮೈಲಿಯ ಹರ್ಡಲ್ ಎಂಬುದು ಊರು ಬಿಟ್ಟು ಹೋಗಿ ವಾಪಸು ಬಂದವರ ಜಮೀನು. ಬಂದವರು ಬಿಗ್ ಬಕ್ಸ್‌ನಂಥವರಾದರೆ ಊರಿಗೇ ಕಳೆ.

ಊಟದ ಹೊತ್ತಿನಲ್ಲಿ ಐರಿಷ್ ಅಜ್ಜ ಮತ್ತೆ ಸಿಕ್ಕರು. ನಾನು ಅಂಕಿಗಳ ಮಾತೆತ್ತಿದೆ. ಟೈಮ್‌ಫಾರ್ಮ್ ಎಂಬ ಸಂಸ್ಥೆ ಪ್ರತಿ ಕುದುರೆಗೂ ಅಂಕ ಕೊಡುತ್ತದೆ. ಹರ್ಡಲರ್‌ಗಳಲ್ಲಿ ಎಲ್ಲ ಕಾಲಕ್ಕೂ ಮೇಲೆ ನೈಟ್ ನರ್ಸ್, 182. ಮಂಕ್ಸ್‌ಫೀಲ್ಡ್ 180, ಇಸ್ತಾಬ್ರಾಕ್ 180. ಕಾನ್ಸ್ಟಿಟ್ಯೂಷನ್ ಹಿಲ್ 177. ಐವತ್ತು ವರ್ಷದಲ್ಲಿ ಇಳಿದದ್ದು ಐದೇ ಅಂಕ. "ತುದಿ ಇಳಿದಿಲ್ಲ ಸ್ವಾಮಿ" ಎಂದೆ. ಅಜ್ಜ ಮೇಜಿನ ಮೇಲಿದ್ದ ಸಕ್ಕರೆ ಪೊಟ್ಟಣಗಳನ್ನು ತೆಗೆದು ಮೂರನ್ನು ಒತ್ತೊತ್ತಾಗಿ ನಿಲ್ಲಿಸಿದರು. "ಇದು ಆಗ." ಆಮೇಲೆ ಎರಡನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಉಳಿದ ಒಂದನ್ನು ತೋರಿಸಿದರು. "ಇದು ಈಗ. ಒಂಟಿ ನಿಂತದ್ದು ಎತ್ತರವೇ ಕಾಣಿಸುತ್ತದೆ, ಆದರೆ ಎಷ್ಟು ಎತ್ತರ ಅಂತ ಹೇಳೋದು ಹೇಗೆ?" ಮಾತು ಮುಗಿಯುವ ಮೊದಲೇ ಪೊಟ್ಟಣ ಬಿದ್ದುಹೋಯಿತು, ಸ್ಟೇಟ್ ಮ್ಯಾನ್ ಹಾಗೆ.

ಇಸ್ತಾಬ್ರಾಕ್ 1998ರಿಂದ 2000ದವರೆಗೆ ಮೂರು ಸಲ ಗೆದ್ದಾಗಲೂ ಹೀಗೇ ಒಂಟಿಯಾಗಿದ್ದ ಎಂದು ವಾದಿಸಬಹುದಿತ್ತು. ಮೊದಲ ಸಲ ಗೆದ್ದದ್ದೇ 12 ಲೆಂಗ್ತ್‌ನಲ್ಲಿ. ನಾಲ್ಕನೆಯದಕ್ಕೆ ಸಿದ್ಧನಾಗಿದ್ದಾಗ, 2001ರಲ್ಲಿ, ದನಗಳ ಕಾಲುಬಾಯಿ ಜ್ವರದಿಂದ ಹಬ್ಬವೇ ರದ್ದಾಯಿತು. ಆದರೆ ಅಜ್ಜ ಐರ್ಲೆಂಡಿನವರು, ಇಸ್ತಾಬ್ರಾಕ್ ಐರ್ಲೆಂಡಿನದು, ಹೋದ ವರ್ಷವಷ್ಟೇ 32 ವರ್ಷ ಬದುಕಿ ಸತ್ತಿತ್ತು. ಸುಮ್ಮನಾದೆ.

ಶುಕ್ರವಾರ, ಮಾರ್ಚ್ 14

ಗೋಲ್ಡ್ ಕಪ್ ದಿನ. ಅದನ್ನು ಬೇಗ ಮುಗಿಸುತ್ತೇನೆ: ಮೂರನೆಯ ಸಲಕ್ಕೆ ಬಂದಿದ್ದ ಗಾಲೊಪಿನ್ ಡೆ ಶಾಂ ಸೋತ, ಇನೋದವೇಯುರ್ಥಿಂಕಿನ್ ಗೆದ್ದ. ಇಂಗ್ಲಿಷಿನಲ್ಲಿ ಕುದುರೆಯ ಹೆಸರು 18 ಅಕ್ಷರ ಮೀರಬಾರದೆಂಬ ನಿಯಮವಿದೆ. ಈ ಹೆಸರಿಗೆ ಸರಿಯಾಗಿ 18. ಕನ್ನಡದ ಅನೌನ್ಸರ್ ಇದ್ದಿದ್ದರೆ ಉಸಿರು ಕಟ್ಟುತ್ತಿತ್ತು.

ನನ್ನ ಮಟ್ಟಿಗೆ ದಿನ ಮುಗಿದದ್ದು ಮೊದಲ ರೇಸಿನಲ್ಲೇ. ಟ್ರಯಂಫ್ ಹರ್ಡಲ್, ನಾಲ್ಕು ವರ್ಷದ ಮರಿಗಳದು. ಓಡಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಲ್ಲಿನ್ಸ್ ಲಾಯದವೇ. ಗರಡಿಯ ಮಾತು ಮತ್ತೆ ಬೇಡ. ಏರಿನಲ್ಲಿ ಹೆಂಡರ್ಸನ್‌ನ ಲುಲಾಂಬಾ ಗೆದ್ದೇಬಿಟ್ಟಿತು ಅನ್ನುವಾಗ ಹೊರಗಡೆಯಿಂದ ಒಂದು ಕುದುರೆ ನುಗ್ಗಿ ಕತ್ತಿನಷ್ಟು ಅಂತರದಲ್ಲಿ ಕಂಬ ದಾಟಿತು. ಪೋನಿರೋಸ್, ಒಂದಕ್ಕೆ ನೂರರ ದರ. ಅದು ಹುಟ್ಟಿದ ಮೇಲೆ ತಡಿಕೆ ಹಾರಿದ ಮೊದಲ ರೇಸೇ ಇದು! ಅದಕ್ಕೂ ಮೊದಲು ಓಡಿದ್ದೆಲ್ಲ ಫ್ಲಾಟ್.

ಜಾಕಿ ಯಾರು ಎಂದು ಕಾರ್ಡ್ ನೋಡಿದೆ. ಜಾಂಜೊ ಓ'ನೀಲ್ ಜೂನಿಯರ್. 1980ರಲ್ಲಿ ಸೀ ಪಿಜನ್ ಮೇಲೆ ಚಾಂಪಿಯನ್ ಹರ್ಡಲ್ ಗೆದ್ದ, ಡಾನ್ ರನ್ ಮೇಲೆ ಎರಡೂ ಕಿರೀಟ ಗೆದ್ದ ಜಾಂಜೊ ಓ'ನೀಲ್‌ರ ಮಗ. ಚಿಕ್ಕಪ್ಪನ ಟ್ರಂಕಿನಲ್ಲಿದ್ದ ಹೆಸರು.

ಕಾರ್ಡಿನಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು: ತಂದೆ ಗೋಲ್ಡನ್ ಹಾರ್ನ್. ಬೆನ್ನ ಚೀಲದಿಂದ ಮಂಗಳವಾರದ ಕಾರ್ಡ್ ತೆಗೆದೆ. ಗೋಲ್ಡನ್ ಏಸ್‌ನ ತಂದೆಯೂ ಅವನೇ. 2015ರಲ್ಲಿ ಫ್ಲಾಟ್ ರೇಸಿನ ದೊಡ್ಡ ಪಟ್ಟಗಳಾದ ಎಪ್ಸಮ್ ಡರ್ಬಿ ಮತ್ತು ಪ್ಯಾರಿಸ್ಸಿನ ಆರ್ಕ್ ಎರಡನ್ನೂ ಗೆದ್ದ ಫ್ಲಾಟ್ ಕುದುರೆ. ಸೀ ಪಿಜನ್‌ನ ತಂದೆ ಸೀ ಬರ್ಡ್. 1965ರಲ್ಲಿ ಡರ್ಬಿ, ಆರ್ಕ್ ಎರಡೂ. ಸೀ ಪಿಜನ್ ಸ್ವತಃ 1973ರ ಡರ್ಬಿ ಓಡಿ ಏಳನೆಯವನಾಗಿ ಬಂದವನು. ಹರ್ಡಲ್ ಹಾರುತ್ತಿದ್ದ ಕಾಲದಲ್ಲೇ 1979ರಲ್ಲಿ ಯಾರ್ಕ್‌ನಲ್ಲಿ ಇಬೋರ್ ಎಂಬ ದೊಡ್ಡ ಫ್ಲಾಟ್ ಹ್ಯಾಂಡಿಕ್ಯಾಪ್ ಗೆದ್ದ. ಆಗ ಹರ್ಡಲ್ಲಿಗೆ ರಕ್ತ ಬರುತ್ತಿದ್ದದ್ದು ಅಲ್ಲಿಂದ. ಫ್ಲಾಟ್‌ನಲ್ಲಿ ತುದಿ ಮುಟ್ಟದ, ಆದರೆ ಕಾಲಿನಲ್ಲಿ ವೇಗವಿರುವ ಕುದುರೆಗಳನ್ನು ಚಳಿಗಾಲಕ್ಕೆ ತಡಿಕೆ ಹಾರಿಸುತ್ತಿದ್ದರು. ಇಸ್ತಾಬ್ರಾಕ್, 22 ಗ್ರೇಡ್ 1 ಗೆದ್ದ ಹರಿಕೇನ್ ಫ್ಲೈ, ಎಲ್ಲ ಅದೇ ದಾರಿ. ಈಗ ಅಂಥ ಕುದುರೆಗೆ ಆಸ್ಟ್ರೇಲಿಯಾದವರು, ಕೊಲ್ಲಿ ದೇಶದವರು ಕೊಡುವ ಬೆಲೆಯ ಮುಂದೆ ಜಂಪ್ ಲಾಯದವರು ಬಾಯಿಬಿಡುವ ಹಾಗಿಲ್ಲ. ವಿಮಾನ ಹತ್ತಿ ಹೋಗುತ್ತವೆ. ಬದಲಿಗೆ ಫ್ರಾನ್ಸಿನಿಂದ, ಐರ್ಲೆಂಡಿನ ಹಳ್ಳಿ ರೇಸುಗಳಿಂದ ಎತ್ತರದ, ಮೈಕಟ್ಟಿನ ಕುದುರೆಗಳು ಬರುತ್ತವೆ. ಅವು ಹುಟ್ಟುವುದೇ ಮುಂದೊಂದು ದಿನ ಫೆನ್ಸ್ ಹಾರಲಿ ಎಂದು. ಹರ್ಡಲ್ ಅವಕ್ಕೆ ದಾರಿಯ ಛತ್ರ, ಮನೆಯಲ್ಲ.

ಆದರೂ ನೋಡಿ, ಡರ್ಬಿಯ ರಕ್ತ ಈ ವಾರ ಎರಡು ಸಲ ಏರು ಹತ್ತಿತು. ಗೋಲ್ಡನ್ ಹಾರ್ನ್ ಫ್ಲಾಟ್ ಸ್ಟಡ್‌ನಲ್ಲಿ ನಿರೀಕ್ಷೆ ಮುಟ್ಟಲಿಲ್ಲ; ಈಗ ಇಲ್ಲಿಂದ ಹೆಚ್ಚು ದೂರವಿಲ್ಲದ ಓವರ್‌ಬರಿ ಸ್ಟಡ್‌ನಲ್ಲಿ ಜಂಪ್ ಕುದುರೆಗಳಿಗೇ ಬೀಜದ ಕುದುರೆ. ಕುಣಿಗಲ್ ಸ್ಟಡ್‌ನ ಬೇಲಿಯಾಚೆ ಹೊಳೆಯುವ ಮೈಯ ಕುದುರೆ ಮೇಯುವುದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಹುಡುಗನಿಗೆ ಆಗ ಇದೆಲ್ಲ ಗೊತ್ತಿರಲಿಲ್ಲ. ನಾಲ್ಕು ದಿನದಲ್ಲಿ ನಾನು ಗೆದ್ದದ್ದು ಸೊನ್ನೆ. ಸ್ವೆಟರ್ ನನ್ನ ಪಿಂಚಣಿ ದುಡ್ಡಿನಲ್ಲೇ ತಂದೆ.

ಗುರುವಾರ, ಏಪ್ರಿಲ್ 3, ಬೆಂಗಳೂರು

ಏಂಟ್ರಿ ಹರ್ಡಲ್. ಊಟದ ಹೊತ್ತಿಗೆ ಫೋನಿನಲ್ಲಿ ಹಾಕಿಕೊಂಡು ಕೂತೆ. ಕಾನ್ಸ್ಟಿಟ್ಯೂಷನ್ ಹಿಲ್ ಮತ್ತು ಲಾಸಿಮೌತ್, ಕೊನೆಗೂ ಇಬ್ಬರೂ ಒಂದೇ ರೇಸಿನಲ್ಲಿ. ಡಿಸೆಂಬರಿನಲ್ಲಿ ಕೆಂಪ್ಟನ್‌ನಲ್ಲಿ ಅವನು ಅವಳನ್ನು ಸೋಲಿಸಿದ್ದ. ಲೆಕ್ಕ ಬಾಕಿ ಇತ್ತು. ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಅವನು ಮತ್ತೆ ಬಿದ್ದ. ಅವಳು ಗೆದ್ದಳು.

ಅಳಿಯನ ಮೆಸೇಜ್ ಬಂತು: "ನೋಡಿದ್ರಾ ಮಾವ? ಇಬ್ರೂ ಓಡಿದ್ರು!"

"ನೋಡಿದೆ. ಅರ್ಧ" ಎಂದು ಬರೆದು ಕಳಿಸಿದೆ.